ಅಜ್ಜನ ಮೊಟ್ಟೆ ತಕ್ಕಡಿ

— ನಿಮ್ಮಮ್ಮನ ಕೋಳಿಗಳದ್ದು ಸಣ್ಣ ಮೊಟ್ಟೆ. ಹೇಳ್ತಿರೋದು ನಾನಲ್ಲ, ತಕ್ಕಡಿ.

— ಹತ್ತು ವರ್ಷದಿಂದ ಅದೇ ಹೇಳ್ತಿದೆ. ಮದುವೆ ಮಾತುಕತೆಗೆ ಬಂದಾಗಲೂ ನಿಮ್ಮಮ್ಮ ನಮ್ಮನ್ನ 'ಸಣ್ಣ ಮೊಟ್ಟೆ ಮನೆಯವರು' ಅಂದಿದ್ರು.

ಮೊಟ್ಟೆ ಅಂಗಡಿಯವನು ಬೆಳಿಗ್ಗೆಯಿಂದ ಅಜ್ಜನ ಕಾಲದ ಹಿತ್ತಾಳೆ ತಕ್ಕಡಿ ಉಜ್ಜುತ್ತಿದ್ದ. ಮುಂದೆ ಒಂದೇ ಮೊಟ್ಟೆ ಕೂರುವ ಬಟ್ಟಲು, ಹಿಂದೆ ತೂಕದ ಗುಂಡು, ನಡುವೆ ಸಣ್ಣ, ಮಧ್ಯಮ, ದೊಡ್ಡ ಎಂದು ತೋರಿಸುವ ಮುಳ್ಳು. ಅದನ್ನು ಬಾಗಿಲಲ್ಲಿ ಗಾಜಿನ ಪೆಟ್ಟಿಗೆಯೊಳಗಿಟ್ಟು, ಮೇಲೆ 'ಮೂರು ತಲೆಮಾರಿನ ಪ್ರಾಮಾಣಿಕ ತೂಕ' ಎಂದು ಬೋರ್ಡು ಹಾಕುವ ಆಸೆ ಅವನಿಗೆ. ಬೋರ್ಡು ಆಗಲೇ ಬರೆಸಿಯಾಗಿತ್ತು. ಎದುರಿಗೆ ತವರಿನ ಬುಟ್ಟಿ ಹಿಡಿದು ಹೆಂಡತಿ ನಿಂತಿದ್ದಳು.

— ನಾಳೆಯಿಂದ ಬುಟ್ಟಿ ಕಳಿಸೋದು ಬೇಡ ಅಂತ ನಿಮ್ಮಮ್ಮನಿಗೆ ಹೇಳು. ಹೆಸರಿರೋ ಅಂಗಡಿ ಇದು.

— ಹೇಳ್ತೀನಿ. ಕೊನೇ ಸಲ ತೂಗಿಬಿಡಿ.

ತೀರ್ಪು ಓದುವವನ ಗತ್ತಿನಲ್ಲಿ ಅವನು ಮೊಟ್ಟೆ ಇಟ್ಟ. ಮುಳ್ಳು ನೇರವಾಗಿ 'ದೊಡ್ಡ'ಕ್ಕೆ ಹೋಗಿ ನಿಂತಿತು.

— ಇದೊಂದು ಹೇಗೋ ನುಸುಳಿಕೊಂಡಿದೆ.

ಇನ್ನೊಂದು ಇಟ್ಟ. ದೊಡ್ಡದು. ಮತ್ತೊಂದು. ಅದೂ ದೊಡ್ಡದೇ.

— ಏನೇ, ಬೇಯಿಸಿ ತಂದಿದ್ದೀಯಾ?

— ಬೇಯಿಸಿದ್ರೆ ಮೊಟ್ಟೆ ಭಾರ ಆಗುತ್ತೇನ್ರೀ? ಮೊಟ್ಟೆ ಮಾರೋ ಮನೆತನದವರು ನೀವು.

ಅವಳ ಕಣ್ಣು ಉಜ್ಜುವ ಬಟ್ಟೆಯ ಮೇಲೆ ಬಿತ್ತು. ಅದರಲ್ಲಿ ಕಡಲೆಕಾಳಿನಷ್ಟು ಸೀಸದ ಚೂರು, ಬೆನ್ನಿಗೆ ಮೇಣ.

— ಇದೇನು?

— ಹಳೇ ಕೊಳೆ. ಉಜ್ಜುವಾಗ ಗುಂಡಿನಿಂದ ಕಿತ್ತು ಬಂತು.

— ಕೊಳೆ ಇಷ್ಟು ಭಾರ ಇರುತ್ತಾ? ಆ ಗುಂಡಿಗೆ ಮತ್ತೆ ಅಂಟಿಸಿ, ನೋಡೋಣ.

ಅಂಟಿಸಿದ. ಅದೇ ಮೊಟ್ಟೆ ಸದ್ದಿಲ್ಲದೆ ಸಣ್ಣದಾಯಿತು.

— ಅಜ್ಜ ದೇವರಂಥ ಮನುಷ್ಯ. ಇದು ಯಾರೋ ಆಗದವರ ಕೆಲಸ.

— ಆಗದವರು ಬಂದು ನಿಮಗೆ ಲಾಭ ಮಾಡಿಕೊಟ್ಟು ಹೋದ್ರಾ?

ಅಷ್ಟರಲ್ಲಿ ಒಳಕೋಣೆಯಿಂದ ಅವನ ಅಪ್ಪನ ದನಿ ಬಂತು.

— ಲೋ, ಆ ಸೀಸ ಕಳೆದುಬಿಟ್ಟೀಯ. ಕೊಳ್ಳುವಾಗ ಅಂಟಿಸಬೇಕು, ಮಾರುವಾಗ ತೆಗೀಬೇಕು. ನಿನಗೆ ಹೇಳಿದ್ದೆ ತಾನೆ?

ಹೇಳಿರಲಿಲ್ಲ. ಹತ್ತು ವರ್ಷ ಸಣ್ಣದೆಂದು ಕೊಂಡದ್ದನ್ನು ಅವನು ಸಣ್ಣದೆಂದೇ ಮಾರಿದ್ದ. ಹೆಂಡತಿ ಬೋರ್ಡನ್ನು ಕೈಗೆತ್ತಿಕೊಂಡಳು.

— ಇದರಲ್ಲಿ 'ಮೂರು' ಅಳಿಸಿ 'ಒಂದು' ಅಂತ ಬರೆಸಿ. ಅದೂ ಗೊತ್ತಿಲ್ಲದೆ ಆದದ್ದು ಅಂತ ಕೆಳಗೆ ಸೇರಿಸಿ.

— ನಿಮ್ಮಮ್ಮನಿಗೆ ಹೇಳಬೇಡ ಕಣೇ.

— ಸರಿ. ಮೊದಲು ಈ ಬುಟ್ಟಿ ಇಳಿಸಿಕೊಳ್ಳಿ. ಎರಡೂ ಕೈಯಲ್ಲಿ ಹಿಡೀರಿ, ದೊಡ್ಡ ಮೊಟ್ಟೆ ಇದೆ.