ಬೀಗರ ಕಂಬಿ

ಸಕಲೇಶಪುರದಲ್ಲಿ ಮನೆಗಳ ನಕ್ಷೆ ಬರೆದುಕೊಡುವ ಎಂಜಿನಿಯರ್ ಕೆಲಸ ನನ್ನದು. ಈ ಕೆಲಸದಲ್ಲಿ ಹೆದರಿದವರೇ ಹೆಚ್ಚು ಸಿಗುತ್ತಾರೆ. ಹೆದರಿದವರು ಏನಾದರೊಂದು ಮಾಡದೆ ಬಿಡುವುದಿಲ್ಲ. ಹಾಗಾಗಿ ನಗುವ ಸಂದರ್ಭಗಳಿಗೆ ಬರವಿಲ್ಲ. ಕಷ್ಟವೆಂದರೆ, ನಗು ಬರುವುದು ಎಲ್ಲ ಮುಗಿದ ಮೇಲೆ. ಅಲ್ಲಿಯವರೆಗೆ ನಾನೂ ಅವರ ಜೊತೆ ಹೆದರಿಕೊಂಡೇ ಇರುತ್ತೇನೆ. ಇಲ್ಲಿ ಹೇಳುತ್ತಿರುವುದೆಲ್ಲ ಹಾನುಬಾಳಿನ ಹತ್ತಿರದ ಒಂದೇ ಮನೆಯಲ್ಲಿ ನಡೆದದ್ದು.

ಮರ್ಯಾದೆಯಾಗಿ ಬೀಳುವುದು

ಗುಜರಾತಿನಲ್ಲಿ ಭೂಮಿ ನಡುಗಿದ ವರ್ಷ. ಕುಸಿದ ಮನೆಗಳನ್ನು ಟೀವಿಯಲ್ಲಿ ದಿನವಿಡೀ ತೋರಿಸುತ್ತಿದ್ದರು. ಆಗ ಮೆಣಸು, ಕಾಫಿ ವ್ಯಾಪಾರದವರೊಬ್ಬರು ನಕ್ಷೆಯ ಸುರುಳಿ ಹಿಡಿದುಕೊಂಡು ನನ್ನ ಆಫೀಸಿಗೆ ಬಂದರು. ನಕ್ಷೆ ನಾನೇ ಬರೆದುಕೊಟ್ಟದ್ದು. ಮಧ್ಯೆ ಕಂಬವಿಲ್ಲದ ದೊಡ್ಡ ಹಾಲು, ಅದರ ಮೇಲೆ ಅಡ್ಡಲಾಗಿ ಒಂದೇ ಉದ್ದನೆಯ ಬೀಮು. ಮಗಳ ನಿಶ್ಚಿತಾರ್ಥ ಆ ಹಾಲಿನಲ್ಲೇ ಆಗಬೇಕು, ಜನ ಸಾಲಾಗಿ ಕೂತು ಉಣ್ಣಬೇಕು ಎಂಬುದು ಅವರ ಆಸೆ.

"ಸಾರ್, ಈ ಮನೆ ಬೀಳುತ್ತಾ?" ಎಂದರು.

"ಇನ್ನೂ ಪಾಯವೇ ತೆಗೆದಿಲ್ಲವಲ್ಲ."

"ಕಟ್ಟಿದ ಮ್ಯಾಲೆ?"

ಬೀಳುವುದಿಲ್ಲ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. "ಬೀಮಿಗೆ ಕಂಬಿ ಡಬಲ್ ಮಾಡ್ಬುಡಿ" ಎಂದರು.

ನಾನು ಕಡಿಮೆ ಮಾತಿನವನು. ಆದರೂ ಆವತ್ತು ಬಿಡಿಸಿ ಹೇಳಿದೆ. ಕಂಬಿ ಲೆಕ್ಕದಲ್ಲಿದ್ದರೆ, ಭಾರ ಮಿತಿ ಮೀರಿದಾಗ ಬೀಮು ಮೊದಲು ಬಿರುಕು ಬಿಡುತ್ತದೆ, ಬಾಗುತ್ತದೆ. ಒಳಗಿರುವವರಿಗೆ ಎದ್ದು ಹೊರಗೆ ಹೋಗಲು ಸಮಯ ಕೊಡುತ್ತದೆ. ಕಂಬಿ ತೀರಾ ಹೆಚ್ಚಾದರೆ ಅದು ಹಾಗೇ ಬಿಗಿದು ನಿಲ್ಲುತ್ತದೆ. ಕಾಂಕ್ರೀಟೇ ಪುಡಿಯಾಗಿ, ಒಂದು ಸುಳಿವೂ ಕೊಡದೆ ಬೀಮು ಬೀಳುತ್ತದೆ.

ಅವರು ಮುಖ ಸಣ್ಣ ಮಾಡಿಕೊಂಡು ಕೇಳಿದರು. "ಅಂದ್ರೆ ಕಮ್ಮಿ ಹಾಕಿದ್ರೂ ಬೀಳುತ್ತೆ, ಜಾಸ್ತಿ ಹಾಕಿದ್ರೂ ಬೀಳುತ್ತೆ ಅಂತೀರಿ."

"ಹಾಗಲ್ಲ..."

"ಬೀಳೋದೇ ಆದ್ರೆ ಜಾಸ್ತಿ ಹಾಕೇ ಬೀಳ್ಲಿ ಬಿಡಿ ಸಾರ್. ನೋಡೋಕೆ ಬಂದೋರು, ಕಂಬೀಲಿ ಜಿಪುಣತನ ಮಾಡಿದ್ದ ಅಂತ ಅನ್ನಬಾರದು."

ಒಬ್ಬೊಬ್ಬರದು ಒಂದೊಂದು

ಕಟ್ಟುತ್ತಿರುವ ಮನೆಯನ್ನು ನೋಡಲು ಬಂದವರು ಸುಮ್ಮನೆ ಹೋಗುವ ಪದ್ಧತಿ ನಮ್ಮ ಕಡೆ ಇಲ್ಲ. ಕಿಟಕಿ ಇತ್ತ ಇರಬೇಕಿತ್ತು, ಮೆಟ್ಟಿಲು ಅತ್ತ ಇರಬೇಕಿತ್ತು ಎಂದು ಒಂದು ಮಾತು ಹೇಳಿಯೇ ಕಾಫಿ ಕುಡಿಯಬೇಕು. ಆ ವರ್ಷ ಎಲ್ಲರೂ ಟೀವಿ ನೋಡಿದ್ದರಿಂದ ಕಿಟಕಿ, ಮೆಟ್ಟಿಲುಗಳ ಗೊಡವೆಗೆ ಯಾರೂ ಹೋಗಲಿಲ್ಲ. ಎಲ್ಲರೂ ಹಾಲಿನ ಬೀಮಿನ ಕಂಬಿಯನ್ನೇ ನೋಡಿ, "ಇನ್ನೊಂದು ಇರ್ಲಿ" ಎಂದು ಹೇಳಿ ಹೋದರು. ಮನೆ ಕಟ್ಟಿಸುತ್ತಿದ್ದ ಯಜಮಾನರು ಯಾರ ಮನಸ್ಸನ್ನೂ ನೋಯಿಸುವವರಲ್ಲ.

ಕಾಂಕ್ರೀಟು ಹಾಕುವ ಮುಂಚೆ ನಾನು ನೋಡಲು ಹೋದಾಗ ಬೀಮಿನ ಅಚ್ಚಿನೊಳಗೆ ಬೆರಳು ತೂರಿಸಲೂ ಜಾಗವಿರಲಿಲ್ಲ.

"ಏನು ಮೇಸ್ತ್ರಿ ಇದು? ನಾನು ಬರೆದುಕೊಟ್ಟದ್ದು ಎಲ್ಲಿ?"

"ನಿಮ್ಮವು ಅಡೀಲಿ ಅವೆ ಸಾರ್" ಎಂದ ಮೇಸ್ತ್ರಿ. ಆಮೇಲೆ ಊರಿನ ಹಿರಿಯರನ್ನು ಪರಿಚಯ ಮಾಡಿಸುವವನಂತೆ ಒಂದೊಂದನ್ನೇ ಮುಟ್ಟಿ ತೋರಿಸಿದ. "ಇದು ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರ್ ಕಂಬಿ. ಇದು ಯಜಮಾನ್ರ ಭಾವಮೈದಂದು. ಇದು ಜೀಪ್ ಡ್ರೈವರ್‌ದು. ಈ ದಪ್ಪಂದು ಪಾಳ್ಯದ ಬೀಗರದು."

ಬೀಗರೆಂದರೆ ಹುಡುಗನ ತಂದೆ. ಮಾತುಕತೆಯಾಗಿತ್ತು, ನಿಶ್ಚಿತಾರ್ಥ ಬಾಕಿಯಿತ್ತು.

"ಇವಿಷ್ಟನ್ನೂ ತೆಗೆಸಿ" ಎಂದೆ ಅಲ್ಲೇ ನಿಂತಿದ್ದ ಯಜಮಾನರಿಗೆ. "ಇದರೊಳಗೆ ಜಲ್ಲಿ ಇಳಿಯುವುದಿಲ್ಲ. ಕಾಂಕ್ರೀಟು ಇಳಿಯದಿದ್ದರೆ ಬೀಮು ನಿಲ್ಲುವುದಿಲ್ಲ."

ಅವರು ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು. "ರೈಟರ್‌ದು ತೆಗೆಸ್ತೀನಿ. ಡ್ರೈವರ್‌ದೂ ತೆಗೆಸ್ತೀನಿ. ಭಾವಮೈದನ ಹತ್ರ ಹೆಂಗೋ ಜಗಳ ಆಡ್ಕಂತೀನಿ. ಬೀಗರ ಕಂಬಿಗೆ ಮಾತ್ರ ಕೈ ಹಾಕ್ಬೇಡಿ ಸಾರ್. ಬೀಮ್ ಬಿದ್ರೆ ಎತ್ತಿ ಕಟ್ಟಬೌದು, ಸಂಬಂಧ ಬಿದ್ರೆ ಎಲ್ಲಿಂದ ಕಟ್ಲಿ?"

ಇಳಿಯದ ಕಾಂಕ್ರೀಟು

ತೆಗೆಸುತ್ತೇನೆ ಎಂದವರು ಒಂದನ್ನೂ ತೆಗೆಸಲಿಲ್ಲ. ಮಳೆ ಮೋಡ ಕಂಡು, ನನಗೆ ಹೇಳಿದ್ದ ದಿನಕ್ಕಿಂತ ಮುಂಚೆಯೇ ಕಾಂಕ್ರೀಟು ಶುರು ಮಾಡಿಬಿಟ್ಟರು. ಸುದ್ದಿ ಕೇಳಿ ಬಸ್ಸು ಹತ್ತಿ ಹೋಗುವಷ್ಟರಲ್ಲಿ ಅರ್ಧ ಮುಗಿದಿತ್ತು. ಬಾಂಡಲಿಯಿಂದ ಸುರಿದ ಕಾಂಕ್ರೀಟು ಬೀಮಿನೊಳಗೆ ಇಳಿಯದೆ, ಎಲೆಯ ಮೇಲಿನ ಉಪ್ಪಿಟ್ಟಿನ ಹಾಗೆ ಕಂಬಿಗಳ ಮೇಲೇ ಕೂತಿತ್ತು. ನೀರು ಮಾತ್ರ ಕೆಳಗೆ ಸೋರುತ್ತಿತ್ತು. ನಿಲ್ಲಿಸಿ, ನಿಲ್ಲಿಸಿ ಎಂದು ಕೂಗಿಕೊಂಡೇ ಏಣಿ ಹತ್ತಿದೆ. ಮಿಕ್ಸರ್ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ಮೇಸ್ತ್ರಿ ಗಿಡ್ಡನೆಯ ಹಾರೆಯೊಂದನ್ನು ತಗೊಂಡು ಕಂಬಿಗಳ ಸಂದಿಯಲ್ಲಿ ಬಲವಾಗಿ ತಿವಿದ. ಹಾರೆ ಹೋಯಿತು. ಆದರೆ ವಾಪಸು ಬರಲಿಲ್ಲ. ಇಬ್ಬರು ಹಿಡಿದು ಎಳೆದರು, ಆಮೇಲೆ ಮೂವರು ಎಳೆದರು. ಅದು ಅಲುಗಾಡಲೂ ಇಲ್ಲ.

ಕೆಳಗೆ ನಿಂತಿದ್ದ ಯಜಮಾನರು ಕತ್ತೆತ್ತಿ ಕೂಗಿದರು: "ಬುಟ್ಬುಡ್ರೋ, ಎಳೀಬೇಡಿ! ಅದೂ ಕಬ್ಬಿಣಾನೇ ತಾನೇ? ಇರ್ಲಿ!"

ಧೈರ್ಯ

ಕಾಂಕ್ರೀಟು ಗಟ್ಟಿಯಾಗುವವರೆಗೆ ಕೊಟ್ಟ ಹಲಗೆ, ಆಸರೆಗಳನ್ನು, ಅಂದರೆ ಸೆಂಟ್ರಿಂಗನ್ನು, ಬಿಚ್ಚುವಾಗ ಎಂಜಿನಿಯರನನ್ನು ಅಡಿಯಲ್ಲಿ ನಿಲ್ಲಿಸುವುದು ಆ ಮೇಸ್ತ್ರಿಯ ಕಡೆಯವರ ರೂಢಿ. ಲೆಕ್ಕ ಹಾಕಿದವನಿಗೇ ಧೈರ್ಯವಿಲ್ಲದಿದ್ದರೆ ಮನೆಯವರಿಗೆ ಎಲ್ಲಿಂದ ಬರಬೇಕು ಎನ್ನುತ್ತಾರೆ. ನಾನು ಎಷ್ಟೋ ಮನೆಗಳಲ್ಲಿ ಹಾಗೆ ನಿಂತಿದ್ದೇನೆ. ಆವತ್ತು ಕಾಲು ಮುಂದೆ ಹೋಗಲಿಲ್ಲ. "ಬರೀ ಪಕ್ಕದ ಹಲಗೆ ತೆಗಿ. ಅಡಿಯ ಆಸರೆ ಮುಟ್ಟಬೇಡ" ಎಂದೆ.

ಹಲಗೆ ಬಂತು. ಬೀಮಿನ ಕೆಳಭಾಗದಲ್ಲಿ ಜೇನುಗೂಡಿನಂತೆ ತೂತುಗಳು. ಒಂದು ಕಡೆಯಂತೂ ಆಚೆ ಬದಿಯ ಬೆಳಕೇ ಕಾಣುತ್ತಿತ್ತು. ನಾನು ಕೈ ಹಾಕಿದೆ. ಕಾಂಕ್ರೀಟು ಸಿಗಲಿಲ್ಲ, ತಣ್ಣನೆಯ ಕಂಬಿಗಳು ಸಿಕ್ಕವು. ಈ ಬೀಮಿನ ಅಡಿ ಜನ ಸಾಲಾಗಿ ಕೂತು ಉಣ್ಣುತ್ತಾರೆ ಎಂದು ನೆನೆದು ಕೈ ಹಿಂದಕ್ಕೆ ಎಳೆದುಕೊಂಡೆ.

ಯಜಮಾನರೂ ಬಗ್ಗಿ ಇಣುಕಿದರು. ಟೀವಿಯಲ್ಲಿ ಕುಸಿದ ಮನೆಗಳನ್ನು ನೋಡಿದ ಮೇಲೆ ಮೊದಲ ಸಲ ಅವರ ಮುಖ ಅರಳಿತು.

"ಕಂಬಿ ಎಷ್ಟೈತೆ ನೋಡಿ ಸಾರ್! ಇಷ್ಟು ದಿನ ಒಳಗೆ ಐತೋ ಇಲ್ವೋ ಅಂತ ಭಯ ಇತ್ತು. ಈಗ ಕಣ್ಣಿಗೇ ಕಾಣ್ತಾ ಐತೆ. ಧೈರ್ಯ ಬಂತು."

ಬೀಗರ ತೀರ್ಪು

ಬೀಮನ್ನು ಒಡೆದು ಹೊಸದಾಗಿ ಹಾಕಲೇಬೇಕು ಎಂದೆ. ಬೀಗರನ್ನು ಕೇಳದೆ ಆಗುವುದಿಲ್ಲ ಎಂದರು ಯಜಮಾನರು. ಬೀಗರು ಪಾಳ್ಯದಿಂದ ಬಂದರು. ಗದ್ದೆ, ಹೊಲ ಮಾಡಿಸಿದ ಗಟ್ಟಿ ಆಸಾಮಿ, ಹೆಗಲ ಮೇಲೆ ಟವೆಲು. "ಕಂಬಿ ಜಾಸ್ತಿ ಆಯ್ತು ಅಂತ ಒಡೀತಾರೇನ್ರೀ? ಎಲ್ಲಾದ್ರೂ ಉಂಟಾ?" ಎಂದು ನನ್ನನ್ನು ತರಾಟೆಗೆ ತೆಗೆದುಕೊಂಡರು. ಯಜಮಾನರು ಕೈ ಕಟ್ಟಿಕೊಂಡು ಗೋಡೆಗಂಟಿ ನಿಂತಿದ್ದರು.

ನಾನು ವಾದಕ್ಕೆ ಹೋಗಲಿಲ್ಲ. "ಒಡೆಯುವುದು ಬೇಡ ಅಂದರೆ ಬೇಡ. ಬೀಗರು ಅಡಿಯಲ್ಲಿ ಒಂದು ನಿಮಿಷ ನಿಂತರೆ ಆಸರೆ ತೆಗೆಸಿಬಿಡುತ್ತೇನೆ" ಎಂದೆ.

ಬೀಗರು ಎರಡು ಹೆಜ್ಜೆ ಮುಂದೆ ಬಂದರು. ಕತ್ತೆತ್ತಿ ತೂತುಗಳನ್ನು ನೋಡಿದರು. ಮೂರು ಹೆಜ್ಜೆ ಹಿಂದೆ ಹೋದರು. ಆಮೇಲೆ ಯಜಮಾನರ ಕಡೆ ತಿರುಗಿ ಗದರಿದರು:

"ಅಲ್ಲ ಮಾರಾಯ್ರೇ, ಕಂಬಿ ಹಾಕಿ ಅಂದೆ ನಿಜ. ಕಾಂಕ್ರೀಟ್ ಹಾಕ್ಬೇಡಿ ಅಂತ ಅಂದಿದ್ನಾ?"

ಊಟ

ಬೀಮನ್ನು ಒಡೆಸಿ, ಲೆಕ್ಕದಷ್ಟೇ ಕಂಬಿ ಕಟ್ಟಿಸಿ, ಎದುರಿಗೆ ನಿಂತು ಕಾಂಕ್ರೀಟು ಹಾಕಿಸಿದೆ. ಆಸರೆ ಬಿಚ್ಚುವಾಗ ಅಡಿಯಲ್ಲಿ ನಿಂತೆ. ಏನೂ ಆಗಲಿಲ್ಲ. ನಿಶ್ಚಿತಾರ್ಥದ ದಿನ ಗೊತ್ತಾಯಿತು, ನನಗೂ ಕರೆ ಬಂತು.

ಹೋಗಿ ನೋಡಿದರೆ ಹಾಲಿನ ತುಂಬ ಜನ. ಆದರೆ ಎಲ್ಲರೂ ಗೋಡೆಗಳಿಗೆ ಒತ್ತಿಕೊಂಡು ಕೂತಿದ್ದಾರೆ. ನಡುವೆ, ಬೀಮಿನ ಉದ್ದಕ್ಕೂ, ಒಂದು ಪಟ್ಟಿ ಖಾಲಿ. ಒಡೆದು ಕಟ್ಟಿದ ಬೀಮೆಂದು ಊರಿಗೆಲ್ಲ ಗೊತ್ತಿತ್ತು. ನನ್ನನ್ನು ಕಂಡ ಕೂಡಲೇ ಯಜಮಾನರು, "ಎಂಜಿನಿಯರ್ ಸಾರಿಗೆ ಅಲ್ಲಿ ಎಲೆ ಹಾಕ್ರಪ್ಪ" ಎಂದು ಆ ಖಾಲಿ ಪಟ್ಟಿಯ ಮಧ್ಯಕ್ಕೆ ಕೈ ತೋರಿಸಿದರು.

ಒಬ್ಬನೇ ಕೂತೆ. ನಾನು ತುತ್ತು ಎತ್ತಿದರೆ ಇಡೀ ಹಾಲು ನನ್ನನ್ನು ನೋಡುತ್ತಿತ್ತು. ನನಗೆ ನನ್ನ ಲೆಕ್ಕದಲ್ಲಿ ನಂಬಿಕೆ ಇತ್ತು. ಆದರೆ ಅಷ್ಟು ಜನ ಒಟ್ಟಿಗೆ ಹೆದರಿಕೊಂಡು ನೋಡುತ್ತಿದ್ದರೆ ಆ ಹೆದರಿಕೆ ಅಂಟುತ್ತದೆ. ಅವಸರದಲ್ಲಿ ನುಂಗಲು ಹೋಗಿ ಸಾರನ್ನ ನೆತ್ತಿಗೆ ಹತ್ತಿತು. ನೆತ್ತಿಗೆ ಹತ್ತಿದರೆ ಮೇಲೆ ನೋಡಬೇಕೆಂದು ಚಿಕ್ಕಂದಿನಿಂದ ಅಭ್ಯಾಸ. ತುತ್ತನ್ನು ಕೈಯಲ್ಲೇ ಹಿಡಿದು ಸರಕ್ಕನೆ ಮೇಲೆ ನೋಡಿದೆ.

ಮುಂದಿನದನ್ನು ನಾನು ಸರಿಯಾಗಿ ನೋಡಲಿಲ್ಲ, ಕೆಮ್ಮುತ್ತಿದ್ದೆ. ಕಣ್ಣೊರೆಸಿಕೊಂಡು ನೋಡಿದರೆ ಹಾಲಿನಲ್ಲಿ ಎಲೆಗಳಿದ್ದವು, ಜನರಿರಲಿಲ್ಲ. ಅಂಗಳದ ತುಂಬ ಎಂಜಲು ಕೈ ಎತ್ತಿಕೊಂಡು ನಿಂತವರು. ಒಳಗೆ ಉಳಿದವರು ನಾನು ಮತ್ತು ಯಜಮಾನರ ಹೆಂಡತಿ ಇಬ್ಬರೇ. ಆಕೆ ಸಾವಕಾಶವಾಗಿ ಬಂದು ಲೋಟಕ್ಕೆ ನೀರು ಬಗ್ಗಿಸಿದರು.

"ನೆತ್ತಿಗೆ ಹತ್ತಿತು, ಅಷ್ಟೇ" ಎಂದೆ. "ಸಂಬಂಧಕ್ಕೆ ಏನೂ ತೊಂದರೆ ಆಗಲಿಲ್ಲವಲ್ಲ?"

"ಇಲ್ಲ ಬಿಡಿ ಸಾರ್. ಬೀಗರು ಓಡುವಾಗ ಅವರ ಮಗನ್ನೂ ಬುಟ್ಟು ನನ್ನ ಮಗಳ ಕೈ ಹಿಡ್ಕೊಂಡು ಓಡಿದ್ರು. ಒಳ್ಳೇ ಜನ. ಇನ್ನು ನನಗೆ ಚಿಂತೆ ಇಲ್ಲ."

"ಯಜಮಾನರು?"

ಆಕೆ ಬಾಗಿಲ ಕಡೆ ನೋಡಿದರು.

"ಪಾಯಸ ಬೇಕಿದ್ರೆ ನೀವು ಹೊರಗೇ ಹೋಗ್ಬೇಕು ಸಾರ್. ನಮ್ಮನೆಯವರು ಹಿಡ್ಕೊಂಡು ಓಡಿದ್ದು ಅದೊಂದನ್ನೇ."