ಅರ್ಜಿ ಕೊಡದೆ ದಂಗೆಯೇ?

ನಮ್ಮ ಸೋದರಮಾವ ಚಕ್ರವರ್ತಿಗಳು. ನಗಬೇಡಿ! ಕೊಳ್ಳೇಗಾಲದ ಬಾಡಿಗೆ ಮನೆಯಲ್ಲಿ ಲುಂಗಿ ಉಟ್ಟು ಕೂತು, ಕಡ್ಲೆಪುರಿ ಮೆಲ್ಲುತ್ತಾ ಅರ್ಧ ಭೂಮಂಡಲ ಆಳುವವರು ಇನ್ನೊಬ್ಬರಿದ್ದರೆ ತೋರಿಸಿ, ನೋಡೋಣ.

ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಜನರ ಅರ್ಜಿ ತೆಗೆದುಕೊಳ್ಳುವ ಗುಮಾಸ್ತರಾಗಿದ್ದು ನಿವೃತ್ತರಾದವರು ಅವರು. ಹೊತ್ತು ಹೋಗಲಿ ಎಂದು ನನ್ನ ಹಳೆಯ ಕಂಪ್ಯೂಟರ್ ಕೊಟ್ಟು, ಒಂದು ಆಟವನ್ನೂ ಹಾಕಿಕೊಟ್ಟೆ. ಭೂಪಟದ ಮೇಲೆ ರಾಜ್ಯ ಕಟ್ಟುವ, ತೆರಿಗೆ ಹಾಕುವ, ಯುದ್ಧ ಮಾಡುವ ದೊಡ್ಡ ಆಟ. ಪ್ರಾಂತ್ಯಗಳ ಹೆಸರು ಬದಲಾಯಿಸಬಹುದು ಎಂದು ಗೊತ್ತಾದದ್ದೇ ತಡ, ಹನೂರು, ಯಳಂದೂರು, ಶಾಗ್ಯ, ಬಂಡಳ್ಳಿ ಎಲ್ಲವೂ ಸಾಮ್ರಾಜ್ಯಕ್ಕೆ ಸೇರಿಹೋದವು. ಬಂಡಳ್ಳಿ ಮಾತ್ರ ಪದೇ ಪದೇ ದಂಗೆ ಏಳುತ್ತಿತ್ತು. ಅದೇ ಹೊತ್ತಿಗೆ ನಿಜವಾದ ಬಂಡಳ್ಳಿಯಿಂದ ನೆಂಟರೊಬ್ಬರು ಮದುವೆ ಕಾಗದ ಕೊಡಲು ಬರಬೇಕೆ!

"ನಿಮ್ಮೂರೋರು ಮೂರು ಸಲ ನನ್ ಮ್ಯಾಲೆ ತಿರುಗಿಬಿದ್ದವ್ರೆ. ನಾನೇನ್ ಕೇಡು ಮಾಡಿದ್ನಪ್ಪ?" ಎಂದರು ಮಾವ.

ಪಾಪ, ನೆಂಟರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಮಾವನ ಸಿಟ್ಟು ದಂಗೆಯ ಮೇಲಲ್ಲ, ಅದು ಏಳುವ ರೀತಿಯ ಮೇಲೆ. ಆಟದಲ್ಲಿ ಇದ್ದಕ್ಕಿದ್ದಂತೆ ಹತ್ತು ಸಾವಿರ ಜನ ಕತ್ತಿ ಹಿಡಿದು ನಿಲ್ಲುತ್ತಾರೆ. ಸೈನ್ಯ ಕಳಿಸಿ ಬಡಿದರೆ ಮುಗಿಯಿತು, ಮರುದಿನವೇ ಊರೆಲ್ಲ ಶಾಂತ!

"ಅರ್ಜಿನೇ ಕೊಡ್ದೆ ದಂಗೆನಾ?" ಎಂದು ಮಾವ ಪರದೆಗೇ ಬೈದರು. ಆಮೇಲೆ ನನ್ನ ಕಡೆ ತಿರುಗಿದರು. "ಜನ ಅಂಗೆಲ್ಲಾ ಕತ್ತಿ ಇಡ್ಕೊಳಲ್ಲ ಕಣವ್ವ. ಮೊದ್ಲು ಟೀ ಅಂಗ್ಡೀಲಿ ಗೊಣಗ್ತಾರೆ. ಆಮೇಲೆ ಅರ್ಜಿ ಬರುಸ್ತಾರೆ. ಹತ್ತು ಸಲ ಆಫೀಸ್ಗೆ ಅಲೀತಾರೆ. ಅದೂ ಆಗ್ನಿಲ್ಲ ಅಂದ್ರೆ ಕೆಲ್ಸ ನಿಲ್ಲುಸ್ತಾರೆ. ಕತ್ತಿ ಎಲ್ಲಾದ್ಕಿಂತ ಕೊನೇಗೆ! ಇನ್ನು ಸೈನ್ಯ ಓಗಿ ಅವ್ರ ಮಕ್ಕಳ್ನ ಸಾಯಿಸ್ಬುಟ್ಟು ಬಂದ್ರೆ, ಮಾರ್ನೆ ದಿನಕ್ಕೇ ಎಂಗೆ ಸಮಾಧಾನ ಆಯ್ತದೆ?"

ಸರಿ, ಆಟ ಮಾಡಿದವರಿಗೇ ಒಂದು ಅರ್ಜಿ ತಯಾರಾಯಿತು. 'ಮಾನ್ಯರೇ, ವಿಷಯ: ದಂಗೆಗಳನ್ನು ಸುಧಾರಿಸುವ ಬಗ್ಗೆ.' ನಾನದನ್ನು ಇಂಗ್ಲಿಷಿಗೆ ತಿರುಗಿಸಿ, ಆಟಗಾರರು ಚರ್ಚೆ ಮಾಡುವ ಜಾಲತಾಣದಲ್ಲಿ ಹಾಕಿದೆ. ಯಾವುದೋ ದೇಶದ ಆಟಗಾರನೊಬ್ಬ ಉತ್ತರ ಬರೆದ: ಯೋಚನೆ ಚೆನ್ನಾಗಿದೆ, ಆಟದ ಫೈಲುಗಳನ್ನು ಯಾರು ಬೇಕಾದರೂ ತಿದ್ದಬಹುದು, ನೀವೇ ತಿದ್ದಿ.

ಬೇರೆಯವರಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದರು. ಫೈಲು ಎಂದರೆ ಮಾವ ಬಿಡುತ್ತಾರೆಯೇ? ಗೆರೆ ಹಾಕಿದ ನೋಟ್‌ಬುಕ್ ತಂದು, ಅದರಲ್ಲಿ ನನ್ನಿಂದ ಅರ್ಥ ಬರೆಸಿಕೊಂಡು, ತಿಂಗಳುಗಟ್ಟಲೆ ಆಟದ ಫೈಲನ್ನು ಸಾಲುಸಾಲಾಗಿ ತಿದ್ದಿದರು. ಒಮ್ಮೆ ಎಲ್ಲೋ ಒಂದು ಬ್ರಾಕೆಟ್ ಬಿಟ್ಟುಹೋಗಿ ಯಳಂದೂರಿನ ದೊರೆ ನಾನೂರು ವರ್ಷ ಬದುಕಿದ!

ಈ ನಡುವೆ ಮನೆಯಲ್ಲೇ ದಂಗೆ ಎದ್ದಿತು. ಒಂದು ಮಧ್ಯಾಹ್ನ ಅತ್ತೆ ಒಲೆಯನ್ನೇ ಹಚ್ಚಲಿಲ್ಲ.

"ಊಟ ಎಲ್ಲಿ?" ಎಂದರು ಮಾವ.

"ಬಚ್ಚಲ ನಲ್ಲಿ ಸೋರ್ತದೆ ಅಂತ ಎಷ್ಟು ಸಲ ಏಳಿವ್ನಿ?" ಎಂದರು ಅತ್ತೆ.

"ಬರವಣಿಗೇಲಿ ಕೊಟ್ಟಿದ್ಯಾ?"

ಅತ್ತೆ ನೋಡಿದ ನೋಟಕ್ಕೆ ಚಕ್ರವರ್ತಿಗಳು ಚಪ್ಪಲಿ ಮೆಟ್ಟಿ ನೇರವಾಗಿ ನಲ್ಲಿ ರಿಪೇರಿಯವನನ್ನು ಹುಡುಕಿಕೊಂಡು ಹೋದರು. ಅವತ್ತೇ ಆಟಕ್ಕೆ ಹೊಸ ನಿಯಮವೊಂದು ಸೇರಿತು: ಬಾಯಲ್ಲಿ ಹೇಳಿದ ಅರ್ಜಿಯೂ ಅರ್ಜಿಯೇ.

ಹೋದ ಭಾನುವಾರ ತಿದ್ದಿದ ಆಟದ ಮೊದಲ ಪ್ರದರ್ಶನ. ಮಾವನ ಒಂದು ಪಕ್ಕ ಅತ್ತೆ, ಹಿಂದೆ ನಾನು. ದಂಗೆಯ ಹೊತ್ತು ಬಂತು. ಕತ್ತಿಗಳು ಬರಲಿಲ್ಲ. ಆಟ ನಿಂತು, ಪರದೆಯ ಮೇಲೊಂದು ಅರ್ಜಿ ಮೂಡಿತು. ಕೆರೆಯ ಹೂಳು ತೆಗೆಸಿಕೊಡಬೇಕೆಂದು ಒಬ್ಬ ಮುದುಕಿ ಕೇಳಿದ್ದಳು. ಕೆಳಗೆ ಮೂರು ಬಟನ್: ಕರೆದು ಮಾತಾಡು, ಅರ್ಧ ಒಪ್ಪು, ಸೈನ್ಯ ಕಳಿಸು.

ನಾನು ಸುಮ್ಮನಿರಲಾರದೆ ಕೆಣಕಿದೆ. "ಮಾವ, ನಿಮ್ಮ ಆಫೀಸಿನ 'ನಾಳೆ ಬಾ' ಬಟನ್ ಎಲ್ಲಿ? ಅದನ್ನೇ ಮರೆತುಬಿಟ್ರಲ್ಲ!"

ಮಾವ ನಗಲಿಲ್ಲ. ಕನ್ನಡಕ ತೆಗೆದು ಲುಂಗಿಯ ತುದಿಯಲ್ಲಿ ಒರೆಸಿದರು.

"ಮರ್ತಿಲ್ಲ ಕಣವ್ವ. ಮೂವತ್ತು ವರ್ಸ ಅದ್ನೇ ಒತ್ತಿವ್ನಿ. ಎಷ್ಟೋ ಜನ ಆ ನಾಳೆ ಬರ್ಲೇ ಇಲ್ಲ."

ಅತ್ತೆ ಅವರತ್ತ ಇನ್ನಷ್ಟು ಸರಿದು ಕೂತರು. ಮಾವ 'ಕರೆದು ಮಾತಾಡು' ಒತ್ತಿದರು. ಆಮೇಲೆ, ನಿಜಕ್ಕೂ ಯಾರೋ ಬಿಸಿಲಲ್ಲಿ ನಡೆದು ಬಂದು ಬಾಗಿಲಲ್ಲಿ ನಿಂತಿದ್ದಾರೇನೋ ಎಂಬಂತೆ, ಇನ್ನೊಂದು ಪಕ್ಕದ ಕುರ್ಚಿಯ ಮೇಲಿದ್ದ ಪೇಪರುಗಳನ್ನೆಲ್ಲ ಎತ್ತಿ ಜಾಗ ಮಾಡಿದರು.