ಒಂದು ಕಣ್ಣು ಮುಚ್ಚಿದ್ದಕ್ಕೆ

"ಈ ಸಲ ಪ್ರಶಸ್ತಿ ತಗೊಂಡೇ ತೀರ್ತೀನಿ" ಎಂದು ಹೆಂಡತಿಗೆ ಸವಾಲು ಹಾಕಿ, ಡ್ರಾಯಿಂಗ್ ಮೇಷ್ಟ್ರು ಅಂಜನಮೂರ್ತಿ ಬೆಳಿಗ್ಗೆಯೇ ತುಮಕೂರಿನಿಂದ ಸ್ಕೂಟರ್ ಹತ್ತಿದ. ನಾಲ್ಕು ವರ್ಷ ಸೋತವನ ಹಟ ಅದು. ಚಿತ್ರಸ್ಪರ್ಧೆಯ ನಿಯಮ ಈ ಬಾರಿ ಬಲು ಬಿಗಿ. ಅಂದೇ, ಜಾಗದಲ್ಲೇ ಕೂತು, ಕಣ್ಣಾರೆ ಕಂಡದ್ದನ್ನೇ ಬರೆದು ಸಂಜೆ ಐದರೊಳಗೆ ಒಪ್ಪಿಸಬೇಕು.

ನಿಟ್ಟೂರಿನಲ್ಲಿ ಅವನ ಅದೃಷ್ಟ ಖುಲಾಯಿಸಿತು. ರಸ್ತೆ ಪಕ್ಕ ದೊಡ್ಡ ಅರಳಿಮರ. ಕಟ್ಟೆಯ ಮೇಲೆ ತಂಬೂರಿ ಮೀಟುತ್ತಾ ತತ್ವಪದ ಹಾಡುವ ಗುರುಸಿದ್ದಯ್ಯ. ಪಕ್ಕದಲ್ಲೇ ರಸ್ತೆಗೆ ಚಪ್ಪರ ಚಾಚಿದ ಭದ್ರಮ್ಮನ ಟೀ ಅಂಗಡಿ. ಪ್ರಕೃತಿ, ಸಂಸ್ಕೃತಿ, ಸಂಗೀತ ಮೂರೂ ಒಂದೇ ಕಡೆ! ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ, ಅಳತೆ ಹಿಡಿಯಲು ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ಹಿಡಿದ ಕೈಯನ್ನು ಮುಂದೆ ಚಾಚಿದ.

ಅದನ್ನು ಕಂಡ ಭದ್ರಮ್ಮ ಟೀ ಸೋಸುವುದನ್ನು ಬಿಟ್ಟು ಹೊರಗೆ ಓಡಿಬಂದಳು. "ಅಯ್ಯೋ, ಸರ್ವೆಯೋರು ಬಂದವ್ರೆ! ರೋಡ್ ಅಗಲ ಮಾಡ್ತಾರೆ ಕಣ್ರಪ್ಪೋ!"

"ನಾನು ಚಿತ್ರ ಬರೆಯೋನು ಕಣಮ್ಮ."

"ಎಲ್ರೂ ಹಂಗೇ ಅಂತಾರೆ. ಹೋದ್ ಸಲ ಬಂದೋನು ನೀರ್ ಕುಡಿಯಕ್ ಬಂದೆ ಅಂದಿದ್ದ!"

ಅಲ್ಲಿಂದ ಶುರುವಾಯಿತು. ದಂಡ ಬೀಳುವ ಮೊದಲೇ ಭದ್ರಮ್ಮ ಚಪ್ಪರ ಕಿತ್ತು ಅಂಗಡಿಯನ್ನೂ ಎತ್ತಿದಳು. ಎದುರುಮನೆಯ ರವೀಶ ಬೇಲಿಯನ್ನು ಹತ್ತಡಿ ಹಿಂದೆ ಸರಿಸಿದ. "ಸ್ವಾಮಿ, ಈ ಕಟ್ಟೆ ನಾನ್ ಕಟ್ಟಿಸಿದ್ದಲ್ಲ, ಸುಮ್ಕೆ ಕುಂತಿದ್ದೆ ಅಷ್ಟೇಯ" ಎಂದು ಗುರುಸಿದ್ದಯ್ಯ ತಂಬೂರಿ ಎತ್ತಿಕೊಂಡು ಮನೆಗೆ ಹೋದ. ಅಂಜನಮೂರ್ತಿ ಪೆನ್ಸಿಲ್ ತೋರಿದ ಕಡೆಯೆಲ್ಲ ಏನಾದರೊಂದು ಮಾಯ. ಮಧ್ಯಾಹ್ನದ ಹೊತ್ತಿಗೆ ಅಂಗಡಿಯೂ ಇಲ್ಲ, ಹಾಡೂ ಇಲ್ಲ, ಬಟ್ಟಬಯಲಲ್ಲಿ ಮರವೊಂದೇ ನಿಂತಿತ್ತು.

ಆದರೂ ಅವನು ಬಿಡಲಿಲ್ಲ. ಬೆಳಿಗ್ಗೆ ಕಣ್ಣಾರೆ ಕಂಡಿದ್ದೇನಲ್ಲ, ಸಾಕು! ಹಲ್ಲು ಕಚ್ಚಿಕೊಂಡು ಚಪ್ಪರದ ಒಂದೊಂದು ಗರಿಯನ್ನೂ, ಗುರುಸಿದ್ದಯ್ಯನ ಉಬ್ಬಿದ ಕೊರಳನ್ನೂ ನೆನಪಿನಿಂದಲೇ ತುಂಬಿದ. ಜನ್ಮದಲ್ಲಿ ಅಷ್ಟು ಚೆನ್ನಾಗಿ ಬರೆದಿರಲಿಲ್ಲ. ತನ್ನ ಚಿತ್ರ ನೋಡಿ ತನಗೇ ಕಣ್ಣು ತುಂಬಿ ಬಂತು.

ಐದಕ್ಕೆ ಹತ್ತು ನಿಮಿಷವಿರುವಾಗ ತುಮಕೂರು ಮುಟ್ಟಿದ. ತೀರ್ಪುಗಾರರಾದ ಸರ್ವಮಂಗಳಮ್ಮ ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಬಣ್ಣ ಅದ್ಭುತ ಮೇಷ್ಟ್ರೇ. ಆದ್ರೆ ಇದು ಕಣ್ಣಾರೆ ಕಂಡು ಬರೆದಿದ್ದಲ್ಲ."

"ನಿಟ್ಟೂರಲ್ಲೇ ಕೂತು ಬರೆದೆ ಮೇಡಂ, ದೇವರಾಣೆಗೂ!"

"ಸುಳ್ಳು ಹೇಳ್ಬೇಡಿ. ತಿಪಟೂರಿಂದ ಈಗ ತಾನೇ ಅದೇ ದಾರೀಲಿ ಬಂದೆ. ಆ ಮರದ ಹತ್ರ ಅಂಗಡಿ ಇಲ್ಲ, ಚಪ್ಪರ ಇಲ್ಲ, ಹಾಡೋರಂತೂ ಇಲ್ವೇ ಇಲ್ಲ. ರಸ್ತೆ ಎಷ್ಟು ಅಗಲ ಆಗಿದೆ ಗೊತ್ತಾ? ಅಷ್ಟು ಒತ್ತುವರಿ ತೆರವು ಮಾಡಿಸಿದ ಪುಣ್ಯಾತ್ಮ ಯಾರೋ ಏನೋ, ಪ್ರಶಸ್ತಿ ಕೊಡೋದಾದ್ರೆ ಅವರಿಗೆ ಕೊಡಬೇಕು!"